ಕಾವಿನ ಕೋಣೆ

ಬಾಗಿಲು ತೆರೆದ ಕೂಡಲೇ ಬಿಸಿ ಮುಖಕ್ಕೆ ಬಡಿಯಿತು. ಅವನಿಗೆ ಅಲ್ಲೇ ಗೊತ್ತಾಗಿಹೋಯಿತು. ಮೊಟ್ಟೆಗೆ ಕಾವು ಕೊಡುವ ಕೋಣೆಯ ಹದ ಅವನ ಚರ್ಮಕ್ಕೇ ಗೊತ್ತಿತ್ತು. ಇದು ಆ ಹದವಲ್ಲ, ಉರಿಯುವ ಒಲೆಯೆದುರು ನಿಂತ ಹಾಗಿತ್ತು. ಓಡಿಹೋಗಿ ಹೀಟರಿನ ಸ್ವಿಚ್ಚು ಆರಿಸಿದ. ಕಾವು ಕೊಡುವ ಯಂತ್ರದ ಬಾಗಿಲೆಳೆದು, ಮೇಲಿನ ತಟ್ಟೆಯಿಂದ ಒಂದು ಮೊಟ್ಟೆ ತೆಗೆದು ಅಂಗೈಯಲ್ಲಿಟ್ಟುಕೊಂಡ. ಸುಡುತ್ತಿತ್ತು. ನಿನ್ನೆ ಸಂಜೆ ಇದೇ ತಟ್ಟೆಯ ಮೊಟ್ಟೆಗಳು ತಾವಾಗಿಯೇ ಅಲುಗುತ್ತಿದ್ದವು, ಚಿಪ್ಪಿನೊಳಗಿಂದ ಸಣ್ಣಗೆ ಚಿಂವ್‌ಗುಟ್ಟುತ್ತಿದ್ದವು. ಇವತ್ತೋ ನಾಳೆಯೋ ಮರಿ ಹೊರಬರಬೇಕಿತ್ತು. ಈಗ ಕೋಣೆಯಲ್ಲಿ ಸದ್ದೆಂಬುದೇ ಇರಲಿಲ್ಲ.

ಮೊಟ್ಟೆಗಳಿಗೆ ತೇವ ಬೇಕೆಂದು ನೀರಿನ ಬಕೆಟ್ಟು ಹಿಡಿದು ಬಂದ ಹೆಂಡತಿ ಹೊಸಿಲಲ್ಲೇ ನಿಂತಳು.

"ಏನ್ರೀ ಇದು, ಇಷ್ಟು ಸೆಕೆ?"

ಅವಳು ಬಕೆಟ್ಟು ಕೆಳಗಿಟ್ಟು ಬಂದು ಒಂದೊಂದೇ ತಟ್ಟೆಯ ಮೇಲೆ ಕೈಯಾಡಿಸಿದಳು.

"ಎಲ್ಲಾನೂನಾ?"

"ಎಲ್ಲಾ."

"ನಾನು ರಾತ್ರಿ ಒಂದು ಸಲ ಎದ್ದು ನೋಡ್ಬೇಕಿತ್ತು" ಎಂದಳು ಅವಳು. ಅಷ್ಟೇ ಹೇಳಿ ಗೋಡೆಗೊರಗಿ ಕೂತುಬಿಟ್ಟಳು.

ಮೊದಲೆಲ್ಲ ಅವಳೇ ಎದ್ದು ನೋಡುತ್ತಿದ್ದಳು. ಯಂತ್ರದ ಹಳೆಯ ನಿಯಂತ್ರಕ ಕೆಟ್ಟುಹೋಗಿ, ಅದರ ಬಿಡಿಭಾಗ ಎಲ್ಲಿಯೂ ಸಿಗದೆ, ಕೈಯಲ್ಲೇ ಹೀಟರು ಹಾಕುವುದು ಆರಿಸುವುದು ಮಾಡಬೇಕಾಗಿತ್ತು. ಅವನದು ಕುಂಭಕರ್ಣನ ನಿದ್ದೆ. ಕೆಲಸ ಅವಳ ತಲೆಗೇ ಬಂತು. ಅವಳ ಕಣ್ಣು ಗುಳಿಬಿದ್ದವು, ಹಗಲು ಸೌಟು ಹಿಡಿದೇ ತೂಕಡಿಸುವಳು. ಅಂಥ ಸಮಯದಲ್ಲೇ ಅವನು ಹವ್ಯಾಸಕ್ಕೆಂದು ತರಿಸುತ್ತಿದ್ದ ಪ್ರೋಗ್ರಾಮಿಂಗ್ ಪತ್ರಿಕೆಯಲ್ಲಿ ಆ ಲೇಖನ ಬಂದದ್ದು: ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡೊಂದರಿಂದ ಕೋಣೆಯ ಶಾಖ ಅಳೆದು, ಅದಕ್ಕೆ ತಕ್ಕಂತೆ ದೀಪ ಹೊತ್ತಿಸುವುದು ಹೇಗೆ ಎಂದು. ಕೋಡನ್ನು ಪತ್ರಿಕೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದೆಂದೂ ಇತ್ತು. ಅವನು ಡೌನ್‌ಲೋಡ್ ಮಾಡಿ, ದೀಪದ ಜಾಗಕ್ಕೆ ಹೀಟರು ಜೋಡಿಸಿ, ಎಷ್ಟು ಶಾಖ ಬೇಕೆಂಬ ಅಂಕಿಯೊಂದನ್ನು ಬದಲಿಸಿದ. ಮೊದಲ ಸಲಕ್ಕೇ ನಡೆಯಿತು.

"ಕೋಳಿಗಿಂತ ಇದೇ ವಾಸಿ. ಕೊಕ್ಕೋ ಅನ್ನಲ್ಲ, ಕುಕ್ಕೋದೂ ಇಲ್ಲ" ಎಂದು ಅವಳು ಅಂದು ನಕ್ಕಿದ್ದಳು.

"ಇನ್ಮೇಲೆ ನೀನು ಹಾಯಾಗಿ ಮಲಗು. ನಿದ್ದೆಗೆಡೋದಕ್ಕೆ ಅದಿದೆ" ಎಂದಿದ್ದ ಅವನು. ಅಲ್ಲಿಂದೀಚೆಗೆ ಎರಡು ಸಲ ಮರಿಗಳು ಚೆನ್ನಾಗಿ ಬಂದವು. ಅವಳ ಮುಖಕ್ಕೆ ಕಳೆ ಬಂತು.

ಶಾಖ ಅಳೆಯುವ ತಂತಿ ಯಂತ್ರದೊಳಗೆ ಕಳಚಿ ಜೋತುಬಿದ್ದಿತ್ತು. ಸರಿ, ತಂತಿ ಬಿದ್ದರೆ ಹೀಟರು ನಿಲ್ಲಬೇಕಿತ್ತಲ್ಲ? ಅವನು ಕಂಪ್ಯೂಟರಿನೆದುರು ಕೂತು ಕೋಡು ತೆರೆದ. ಇಳಿಸಿಕೊಂಡ ಮೇಲೆ ಅದನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಇದೇ ಮೊದಲು. ನಡುವೆ ಒಂದು ಸಾಲಿತ್ತು: ಅಳತೆ ಸಿಗದಿದ್ದರೆ ಹಿಂದಿನ ಅಳತೆಯನ್ನೇ ಇಟ್ಟುಕೊಳ್ಳುವುದು. ತಂತಿ ಕಳಚುವ ಮುನ್ನ ಸಿಕ್ಕ ಅಳತೆ ಬೇಕಾದುದಕ್ಕಿಂತ ಚೂರು ಕಡಿಮೆ ಇದ್ದಿರಬೇಕು. ಇನ್ನೂ ಚಳಿಯಿದೆ, ಇನ್ನೂ ಚಳಿಯಿದೆ ಎಂದುಕೊಂಡು ಅದು ರಾತ್ರಿಯಿಡೀ ಕಾವು ಕೊಟ್ಟಿತ್ತು.

ಲೇಖನದ ಕೊನೆಯಲ್ಲಿ ಬರೆದವನ ಫೋನ್ ನಂಬರಿತ್ತು. ಅವನು ಫೋನ್ ಮಾಡಿ ನಡೆದದ್ದನ್ನೆಲ್ಲ ಲೇಖಕನಿಗೆ ಹೇಳಿದ.

"ಅಯ್ಯೋ, ಅದು ಬರೀ ಮಾದರಿ ಸರ್. ಕಲಿಯೋರಿಗೆ ಅಂತ ಕೊಟ್ಟಿದ್ದು. ಪುಟದಲ್ಲಿ ಜಾಗ ಸಾಲದು ಅಂತ, ಅಳತೆ ತಪ್ಪಿದ್ರೆ ಹಿಡಿಯೋ ಭಾಗ ಬಿಟ್ಟಿದ್ದೀನಿ ಅಂತ ಅಲ್ಲೇ ಬರೆದಿದ್ದೆ. ನೀವು ನೋಡ್ಲಿಲ್ವಾ?"

ಅವನು ಪುಟ ತಿರುವಿದ. ಚಿತ್ರದ ಕೆಳಗೆ, ಸಣ್ಣಕ್ಷರದಲ್ಲಿ, ಇತ್ತು.

"ಇದೆ" ಎಂದ.

"ದೀಪ ಅಲ್ವಾ, ಉರಿದ್ರೆ ಉರೀಲಿ ಅಂದ್ಕೊಂಡಿದ್ದೆ. ಯಾರಾದ್ರೂ ಮೊಟ್ಟೆ ಇಡ್ತಾರೆ ಅಂತ..." ಲೇಖಕನ ದನಿ ಸೋತಿತು. "ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ ಸರ್."

"ಪರವಾಗಿಲ್ಲ" ಎಂದುಬಿಟ್ಟ ಅವನು, ಬಾಯಭ್ಯಾಸಕ್ಕೆ. ಫೋನಿಟ್ಟ ಮೇಲೆ ಆ ಮಾತು ಯಾಕೆ ಹೇಳಿದೆನೋ ಎನ್ನಿಸಿತು. ಬೈದು ಬಿಡೋಣವೆಂದರೆ ಆ ಮನುಷ್ಯ ಸುಳ್ಳೇನೂ ಹೇಳಿರಲಿಲ್ಲ.

ಹೆಂಡತಿ ಕೂತಲ್ಲೇ ಇದ್ದಳು. ಅವನು ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ: ತಂತಿ, ಆ ಸಾಲು, ತಾನು ಓದದೆ ಬಿಟ್ಟ ಸಣ್ಣಕ್ಷರ.

"ತಪ್ಪು ನಂದು. ನಿಂದೇನೂ ಇಲ್ಲ."

"ನಂಗೆ ಮಧ್ಯರಾತ್ರಿ ಎಚ್ಚರ ಆಗಿತ್ತು" ಎಂದಳು ಅವಳು. "ಹೋಗಿ ನೋಡ್ಲಾ ಅನ್ನಿಸ್ತು. ಅದು ನೋಡ್ಕೊಳತ್ತಲ್ಲ ಅಂತ ಮಗ್ಗುಲು ಬದಲಿಸಿದೆ."

ಅವನು ಎದ್ದು ಸಲಿಕೆ ತಂದ.

ಬಿಸಿಲೇರಿದರೆ ವಾಸನೆ ಶುರುವಾಗುತ್ತದೆಂದು ಹಿತ್ತಲಲ್ಲಿ ಗುಂಡಿ ತೋಡಿದ. ಇಬ್ಬರೂ ತಟ್ಟೆಗಳನ್ನು ಹೊತ್ತು ತಂದರು. ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಬಗ್ಗಿ ಬಗ್ಗಿ ಕೈಯಾರೆ ಇಳಿಸಿದಳು. ಅವನು ಸಲಿಕೆಯಲ್ಲಿ ಮಣ್ಣೆತ್ತಿಕೊಂಡಾಗ ತಟಕ್ಕನೆ ಅವನ ತೋಳು ಹಿಡಿದಳು.

"ತಡೀರಿ. ಏನೋ ಕೇಳಿಸ್ತು."

"ಏನೂ ಇಲ್ಲ."

"ಕೇಳಿಸ್ತು ಅಂತೀನಿ."

ಅವನಿಗೇನೂ ಕೇಳಿಸಿರಲಿಲ್ಲ. ಸಲಿಕೆ ಪಕ್ಕಕ್ಕಿಟ್ಟು ಗುಂಡಿಗಿಳಿದ. ಮಂಡಿಯೂರಿ, ಮೇಲಿದ್ದ ಮೊಟ್ಟೆಯೊಂದನ್ನು ಕಿವಿಗೆ ಹಿಡಿದು ಉಸಿರು ಕಟ್ಟಿ ಆಲಿಸಿದ. ಅದನ್ನು ಮೇಲೆ ಅವಳ ಕೈಗೆ ಕೊಟ್ಟ. ಅವಳೂ ಕಿವಿಗೆ ಹಿಡಿದಳು, ಪಕ್ಕದ ಹುಲ್ಲಿನ ಮೇಲಿಟ್ಟಳು, ಮತ್ತೆ ಕೈ ಚಾಚಿದಳು. ಅವನು ಇನ್ನೊಂದನ್ನು ತೆಗೆದುಕೊಂಡ.