ಅತ್ತಿಗೆಯ ಅನುಮಾನಕ್ಕೊಂದು ಹೆಸರು

ನಾನು ಬರುತ್ತೇನೆಂದರೆ ಊರಿನ ಬಾಗಿಲುಗಳೆಲ್ಲ ಉಸಿರು ಬಿಗಿಹಿಡಿದು ಅಗಲವಾಗುತ್ತವೆ, ಅಂಥ ಎದೆ ನನ್ನದು. ನಮ್ಮತ್ತಿಗೆಯ ಟೈಲರ್ ಅಂಗಡಿ ಉಳಿದದ್ದು ಆ ಎದೆಯಿಂದಲೇ.

ಅತ್ತಿಗೆ ಹಾಕಿದ ಹೊಲಿಗೆ ಬಿಚ್ಚಲು ಎರಡು ಆನೆ ಬೇಕು. ಆದರೆ ಈಚೆಗೆ ಅವರು ಹೊಲಿದದ್ದೆಲ್ಲ ಗಿರಾಕಿಗಳಿಗೆ ಬಿಗಿ. ತಮ್ಮ ಕೈ ತಪ್ಪಲಾರದೆಂದು, ಇಸ್ತ್ರಿ ಮಾಡುವ ನಮ್ಮ ತಂಗಿಯ ಮೇಲೆ ಕಣ್ಣಿಟ್ಟರು.

"ಇವಳೇ ಕದ್ದು ಬಿಚ್ಚಿ ಒಳಗೆ ಹಿಡಿದು ಹೊಲೀತಾಳೆ!"

"ನನಗೆ ಸೂಜಿಗೆ ದಾರ ಪೋಣಿಸೋಕೇ ಬರಲ್ಲ ಅತ್ತಿಗೆ," ಎಂದು ತಂಗಿ ಅತ್ತಳು.

"ಹಾಗಂತ ನಟಿಸ್ತೀಯ."

ಅಣ್ಣ ಮನೋವೈದ್ಯರನ್ನು ಅಂಗಡಿಗೇ ಕರೆತಂದ. ಹೆಂಡತಿಗೆ ಭ್ರಾಂತಿಯೆಂದು ಅವರು ಹೇಳಿದ ದಿನವೇ ಅಂಗಡಿಗೆ ಬೀಗ ಎಂದ.

ವೈದ್ಯರು ಅವಸರ ಮಾಡಲಿಲ್ಲ. "ಇಲ್ಲದ್ದು ಕಂಡರೆ ಅದಕ್ಕೆ ಬೇರೆಯೇ ಹೆಸರಿದೆ. ಇದ್ದದ್ದು ಬೇರೆಯಾಗಿ ಕಂಡರೆ ಭ್ರಮೆ. ಪುರಾವೆ ಮುಂದಿಟ್ಟರೂ ಬಿಡದ ಸುಳ್ಳು ನಂಬಿಕೆ ಭ್ರಾಂತಿ. ಇಲ್ಲಿ ಪುರಾವೆ ಯಾರಾದರೂ ಇಟ್ಟಿದ್ದೀರಾ?"

ಪುರಾವೆ ಯಾರಲ್ಲೂ ಇರಲಿಲ್ಲ. ಕೈಕಟ್ಟಿ ಕೂರುವುದು ನನಗೆ ಒಗ್ಗದು. "ಅಷ್ಟರಲ್ಲಿ ನನಗೊಂದು ಅಂಗಿ ಅಳೀರಿ ಅತ್ತಿಗೆ," ಎಂದೆ. ಕೊರಳಲ್ಲಿದ್ದ ಹಳೇ ಟೇಪು ಸುತ್ತಿ ಅವರು ಹೇಳಿದ ಅಳತೆ ಕೇಳಿ ರಕ್ತ ಕುದಿಯಿತು. ಅದು ಆಡಿನ ಎದೆ!

"ನನ್ನನ್ನು ಕುಗ್ಗಿಸೋ ಟೇಪು ಇನ್ನೂ ಹುಟ್ಟಿಲ್ಲ," ಎಂದು ಕಿತ್ತುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರು ಈಚೆಗೆ ತಂದಿಟ್ಟಿದ್ದ ಕಬ್ಬಿಣದ ಸ್ಕೇಲಿನ ಪಕ್ಕ ಹಾಸಿದೆ. ಟೇಪು ಎಳೆದಾಡಿ ಎಳೆದಾಡಿ ಜಗ್ಗಿ, ಅದರ ಒಂದೊಂದು ಇಂಚೂ ಸ್ಕೇಲಿನ ಇಂಚಿಗಿಂತ ಉದ್ದವಾಗಿತ್ತು. ಜಗ್ಗಿದ ಟೇಪಿನಲ್ಲಿ ಮೈ ಅಳೆದು ಸರಿಯಾದ ಸ್ಕೇಲಿನಲ್ಲಿ ಕತ್ತರಿಸಿದರೆ ಬಿಗಿಯಾಗದೆ ಇನ್ನೇನು?

ಅತ್ತಿಗೆ ಟೇಪು ನೋಡಿದರು, ಸ್ಕೇಲು ನೋಡಿದರು, ಕೊನೆಗೆ ತಂಗಿಯ ಕೈ ಹಿಡಿದರು. "ನನ್ನದೇ ತಪ್ಪು ಕಣೇ. ಸುಮ್ಮನೆ ನಿನ್ನನ್ನ ಅಂದುಬಿಟ್ಟೆ."

"ನೋಡಿ, ನಂಬಿಕೆ ಬಿಟ್ಟರು," ಎಂದರು ವೈದ್ಯರು. "ಇದು ತಪ್ಪು ತಿಳಿವಳಿಕೆ ಅಷ್ಟೆ, ಭ್ರಾಂತಿಯಲ್ಲ."

"ಇನ್ನೊಂದು ಸಲ ಸರಿಯಾಗಿ ನೋಡಿ ಡಾಕ್ಟ್ರೇ," ಎಂದ ಅಣ್ಣ.

ಅತ್ತಿಗೆ ತಿರುಗಿದರು. "ನನಗೆ ಹುಚ್ಚು ಹಿಡೀಲೇಬೇಕು ಅಂತ ನಿಮಗ್ಯಾಕ್ರೀ ಇಷ್ಟು ಆಸೆ?"

ತಂಗಿ ಮೂಗು ಒರೆಸಿಕೊಂಡು ಹೇಳಿದಳು: "ಅತ್ತಿಗೆ, ಅಣ್ಣ ಈ ಅಂಗಡೀನ ಮೊಬೈಲ್ ಮಾರೋನಿಗೆ ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದಾನೆ."

"ಹೌದೇನ್ರೀ? ಹಾಗಾದ್ರೆ ಗಿರಾಕಿಗಳ ಮನೆಮನೆಗೂ ಹೋಗಿ ಬಿಗಿಯಾದ ಬಟ್ಟೆಯನ್ನೆಲ್ಲ ಹೊತ್ತು ತನ್ನಿ. ಬರ್ತಾ ಆ ಮೊಬೈಲಿನವನಿಗೂ ಹೇಳಿ ಬನ್ನಿ, ಅಂಗಡಿ ಖಾಲಿ ಇಲ್ಲ ಅಂತ."

ಅಣ್ಣ ಚಪ್ಪಲಿ ಹುಡುಕತೊಡಗಿದ.