ಗಡಿಗೆಯ ಲೆಕ್ಕಕ್ಕೆ ಸಿಗದ ಭಾರ

ಮದ್ದು ಕೊಡುವ ಪಂಡಿತರ ಅಂಗಡಿಯಲ್ಲಿ, ಜ್ವರದಿಂದ ಸೊರಗಿದ್ದ ಅಕ್ಕನ ಮಗು ಗೌರಿಯನ್ನು ಕೂರಿಸಿದ್ದ ತಕ್ಕಡಿಯ ತಟ್ಟೆ ಸರ್ರನೆ ಮೇಲೇರಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎದುರಿನ ತಟ್ಟೆಯಲ್ಲಿ ಇಟ್ಟಿದ್ದ ತೂಕದ ಕಲ್ಲುಗಳೇನೂ ಹೆಚ್ಚಿರಲಿಲ್ಲ. ಅಕ್ಕ ಮಂದಾಕಿನಿ ಮುಖ ತಿರುಗಿಸಿಕೊಂಡಳು. ಅವಳ ಮೊದಲ ಮಗುವಿಗೂ ಇದೇ ಜ್ವರ ಬಂದಿತ್ತು. ಚೇತರಿಸಿಕೊಂಡಿತು ಎಂದು ಮನೆಯವರೆಲ್ಲ ಬಾಯಿ ಬಿಟ್ಟು ಹೇಳಿದ ವಾರದಲ್ಲೇ ಅದು ಹೋಗಿಬಿಟ್ಟಿತ್ತು.

ಅಕ್ಕನ ಅತ್ತೆ ಭಾಗೀರಥಮ್ಮನವರು ಅಂಗಡಿಯಲ್ಲೇ ಕೈಮುಗಿದು, "ತಾಯೀ, ಇದೊಂದನ್ನ ಉಳಿಸಿಕೊಡು. ಇದರ ತೂಕದಷ್ಟು ಬೆಣ್ಣೆ ಒಪ್ಪಿಸ್ತೀನಿ" ಎಂದು ಹರಕೆ ಹೊತ್ತರು.

ಜ್ವರ ಬಿಟ್ಟಿತು. ಬೇಸಿಗೆ ಕಳೆದ ಮೇಲೆ ಹರಕೆ ತೀರಿಸುವುದೆಂದಾಯಿತು. ಆದರೆ ಹರಕೆಯ ಬೆಣ್ಣೆ ದೇವಿಯ ತಕ್ಕಡಿಗೆ ಮುನ್ನ ಬೇರೆ ಯಾವ ತಕ್ಕಡಿಯನ್ನೂ ಏರಬಾರದೆಂಬುದು ಆ ಮನೆಯ ಕಟ್ಟಳೆ. ಹಾಗಾಗಿ ಪಂಡಿತರಲ್ಲಿ ಕಂಡ ತೂಕವನ್ನು ಗಡಿಗೆಯ ಲೆಕ್ಕಕ್ಕೆ ಇಳಿಸಬೇಕಾಯಿತು. ನಮ್ಮ ಭಾವ ಇಂಥದ್ದಕ್ಕೇ ಕಾದು ಕುಳಿತವರು. ಪೇಟೆಯಿಂದ ಬೇರೆ ಬೆಣ್ಣೆ ತಂದು, ಲೋಟಕ್ಕೆ ಸಡಿಲವಾಗಿ ತುಂಬಿ ತೂಗಿದರು, ಒತ್ತಿ ತುಂಬಿ ತೂಗಿದರು.

"ನೀರಿನ ಲೆಕ್ಕ ಹಿಡಿದರೆ ಕೆಟ್ಟೆವು. ಬೆಣ್ಣೆ ನೀರಲ್ಲಿ ತೇಲತ್ತೆ, ನೋಡು. ಮಧ್ಯೆ ಗಾಳಿ ಸೇರಿಕೊಂಡರಂತೂ ಇನ್ನೂ ಹಗುರ" ಎಂದು ನನಗೆ ಪಾಠ ಬೇರೆ. ಅವರು ತೂಗಿ ಬಿಟ್ಟ ಬೆಣ್ಣೆಯಲ್ಲಿ ದೋಸೆ ತಿಂದು ತಿಂದು ನನಗೆ ಸಾಕಾಗಿಹೋಗಿತ್ತು. ಕೊನೆಗೆ, ಒತ್ತಿ ತುಂಬಿದ ಮೂರು ಗಡಿಗೆ ಎಂದು ತೀರ್ಮಾನವಾಯಿತು.

"ಮಗೂನ ಇನ್ನೊಂದ್ಸಲ ತೂಗಿಬಿಡಬಹುದಲ್ಲ?" ಎಂದೆ.

"ಬಾಯಿ ಮುಚ್ಚೇ!" ಭಾಗೀರಥಮ್ಮ ಗದರಿದರು. "ಎಳೇ ಮಗೂನ ತೂಗಿ ತೂಗಿ ಕಣ್ಣು ಹಾಕ್ತೀಯಾ?"

ಗೌರಿ ಹೇಗಿದ್ದಾಳೆಂದು ಯಾರು ಕೇಳಿದರೂ ಆ ಮನೆಯಲ್ಲಿ "ಇದ್ದಾಳೆ" ಎಂದಷ್ಟೇ ಉತ್ತರ. ಅದಕ್ಕಿಂತ ಹೆಚ್ಚು ಹೇಳಲು ಎಲ್ಲರಿಗೂ ಭಯ. ನನಗೂ ಭಯವೇ.

ಹರಕೆಯ ದಿನ ದೇವಸ್ಥಾನದ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಗೌರಿಯನ್ನು ಕೂರಿಸಿದರು. ತಟ್ಟೆ ನೆಲಕ್ಕೆ ತಾಗಿತು. ಅರ್ಚಕರು ಇನ್ನೊಂದಕ್ಕೆ ಬೆಣ್ಣೆಯನ್ನು ಉಂಡೆಯುಂಡೆಯಾಗಿ ಏರಿಸಿದರು. ಮೂರನೆಯ ಗಡಿಗೆಯೂ ಬರಿದಾಯಿತು. ಮಗುವಿನ ತಟ್ಟೆ ಅಲುಗಲಿಲ್ಲ.

"ಹರಕೆ ಒಪ್ಪಿಗೆಯಾಗಲಿಲ್ವೇನೋ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಭಾವ, "ಒತ್ತಿಯೇ ತುಂಬಿದ್ದೆನಲ್ಲ" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಭಾಗೀರಥಮ್ಮನವರು ಬರಿದಾದ ಗಡಿಗೆಗಳಲ್ಲಿ ಒಂದೊಂದಾಗಿ ಇಣುಕಿದರು.

"ಯಾರು ಮುಟ್ಟಿದ್ರಿ ಗಡಿಗೇನ? ಮಂದಾ, ನೀನೇನಾದ್ರೂ ತೆಗೆದ್ಯಾ? ದೇವರಿಗೇ ಕಡಿಮೆ ಮಾಡಿದ್ವಲ್ಲೇ, ಇನ್ನು ಈ ಮಗೂನ ಯಾರು ಕಾಯ್ತಾರೆ?"

ಅಕ್ಕ ತಟ್ಟೆಯ ಬಳಿ ಬಂದು ಗೌರಿಯ ಬೆನ್ನ ಮೇಲೆ ಕೈಯಿಟ್ಟಳು.

"ಬೆಣ್ಣೆ ಸರಿಯಾಗೇ ಇದೆ, ಅತ್ತೆ. ಇವಳನ್ನ ಎತ್ತಿ ಎತ್ತಿ ನನ್ನ ಸೊಂಟ ಹಿಡ್ಕೊಂಡಿದೆ. ಹೇಳೋಕೆ ಹೆದರಿಕೆ ಆಗ್ತಿತ್ತು. ಪಂಡಿತರ ಅಂಗಡೀಲಿ ತೂಗಿದಾಗಿನ ಮಗು ಅಲ್ಲ ಇದು. ಭಾರ ಆಗಿದ್ದಾಳೆ."

ಭಾಗೀರಥಮ್ಮನವರು ಸೊಸೆಯನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ಮಗುವಿನ ತಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

ಭಾವ ಓಡಿಹೋಗಿ ಬೀದಿಯ ಅಂಗಡಿಯಿಂದ ಇನ್ನಷ್ಟು ಬೆಣ್ಣೆಯನ್ನು ತೂಗಿಸದೆಯೇ ತಂದರು. ಈ ಸಲ ಅಳತೆ ಕೇಳುವ ವ್ಯವಧಾನ ಅವರಿಗೂ ಇರಲಿಲ್ಲ. ಉಂಡೆಯ ಮೇಲೆ ಉಂಡೆ ಬಿದ್ದಂತೆ ಮಗುವಿನ ತಟ್ಟೆ ಸಣ್ಣಗೆ ಅದುರಿ, ಪಂಡಿತರ ಅಂಗಡಿಯಲ್ಲಿ ಅಂದು ಏರಿದಂತೆಯೇ ನೆಲ ಬಿಟ್ಟು ಏಳತೊಡಗಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಅಮ್ಮಾ, ಕೈ ತೆಗೀರಿ. ಸಮ ಆಗ್ತಾ ಇದೆ" ಎಂದರು ಅರ್ಚಕರು.

ಆಗಲೇ ನಾನು ನೋಡಿದ್ದು. ಭಾಗೀರಥಮ್ಮನವರು ಮಗುವಿನ ತಟ್ಟೆಯ ಅಂಚಿನ ಮೇಲೆ ಅಂಗೈ ಊರಿ, ಅದು ಮೇಲೇಳದಂತೆ ಮತ್ತೆ ನೆಲಕ್ಕೆ ಒತ್ತಿ ಹಿಡಿದಿದ್ದರು.

"ಇನ್ನೂ ಹಾಕಿ, ಸ್ವಾಮಿ" ಎಂದರು ಅವರು. ಕೈ ತೆಗೆಯಲಿಲ್ಲ.