ಕಣ್ಣಾರೆ ಕಂಡೆನೆಂದ ಮಾತು

"ಹಿಂಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ?"

ಕಾರಿನ ಹಿಂದಿನ ಸೀಟಿನಲ್ಲಿ ಕೂತು ನರ್ಸಮ್ಮ ಕೇಳಿದ್ದು ಯಾರನ್ನೂ ಅಲ್ಲ. ಅದು ಡ್ರೈವರಿಗೂ ಗೊತ್ತಿತ್ತು. ಆದರೆ ಆತ ಸುಮ್ಮನಿರುವ ಆಸಾಮಿಯಲ್ಲ.

"ಹಾಕಿದ್ರಿ ಅಮ್ಮಾವ್ರೆ. ಹಾಕಿ, ಎಳೆದು ನೋಡಿ, ಕಾರಿನ ತನಕ ಬಂದು, ಮತ್ತೆ ವಾಪಸ್ ಹೋಗಿ ಇನ್ನೊಂದ್ಸಲ ಎಳೆದ್ರಿ. ಆ ಬೀಗಕ್ಕೇನಾದ್ರೂ ಬಾಯಿದ್ದಿದ್ರೆ ಸಾಕು ಬಿಡಿ ತಾಯಿ ಅಂತಿತ್ತು."

ಬೇರೆ ದಿನವಾಗಿದ್ದರೆ ನರ್ಸಮ್ಮ ಅವನ ಮಾತಿಗೆ ಒಂದಕ್ಕೆರಡು ಸೇರಿಸಿ ಹೇಳುತ್ತಿದ್ದರು. ಇವತ್ತು ಕಿಟಕಿಯ ಕಡೆ ಮುಖ ತಿರುಗಿಸಿದರು.

ಶಾಸಕಿಯಾಗುವ ಮೊದಲು ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗೆದ್ದು ಸದನಕ್ಕೆ ಬಂದು ಮೂವತ್ತು ವರ್ಷವಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಮಂತ್ರಿಗಳಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರ ಬಾಯಲ್ಲೂ ಅವರು ನರ್ಸಮ್ಮನೇ. ಇನ್ನು ಚುನಾವಣೆಗೆ ನಿಲ್ಲುವುದಿಲ್ಲವೆಂದು ಅವರು ಹೇಳಿಯಾಗಿತ್ತು. ಸದನದಲ್ಲಿ ಇದು ಅವರ ಕೊನೆಯ ದಿನ. ಮಧ್ಯಾಹ್ನ ಅವರಿಗೆ ಬೀಳ್ಕೊಡುಗೆ. ಅದು ಮುಗಿದ ಬೆನ್ನಿಗೇ, ಊರಿಗೆ ಊರೇ ಕಾದು ಕೂತಿದ್ದ ಮಸೂದೆ ಮತಕ್ಕೆ ಬರುವುದಿತ್ತು.

ರಸ್ತೆಯ ಎರಡೂ ಬದಿಯ ಮನೆಗಳ ಕಿಟಕಿಗಳಿಗೆ ಹೊಸ ಕಬ್ಬಿಣದ ಜಾಲರಿ ಬಂದಿತ್ತು. ಕೆಲವಕ್ಕೆ ಬಣ್ಣ ಬಳಿಯುವಷ್ಟೂ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ವೆಲ್ಡಿಂಗ್ ಅಂಗಡಿಯ ಮುಂದೆ ಜನ ಪಾಳಿ ನಿಂತಿದ್ದರು. ಮೂರು ತಿಂಗಳಲ್ಲಿ ಹನ್ನೊಂದು ಮನೆಗೆ ಕಳ್ಳರು ನುಗ್ಗಿದ್ದರು. ಹನ್ನೊಂದನೆಯದು ನರ್ಸಮ್ಮನ ಮನೆ. ಇಪ್ಪತ್ತು ದಿನದ ಹಿಂದೆ, ದೀಪ ಹಚ್ಚುವ ಹೊತ್ತಿಗೆ, ಹಿಂಬಾಗಿಲು ಮುರಿದು ಒಳಬಂದವನು ಅವರ ತಂಗಿಯನ್ನು ತಳ್ಳಿ ಹೋಗಿದ್ದ. ಸೊಂಟದ ಮೂಳೆ ಮುರಿದು ಆಕೆ ಅಂದಿನಿಂದ ಹಾಸಿಗೆ ಹಿಡಿದಿದ್ದಳು. ಕಳ್ಳ ಇನ್ನೂ ಸಿಕ್ಕಿರಲಿಲ್ಲ.

ನರ್ಸಮ್ಮ ಇವತ್ತು ಮಾತು ಬಿಟ್ಟಿದ್ದಕ್ಕೆ ಕಾರಣ ಬೀಗವಲ್ಲ, ಕಳ್ಳನೂ ಅಲ್ಲ. ಬೆಳಿಗ್ಗೆ ತಂಗಿ ಕೇಳಿದ ಒಂದು ಪ್ರಶ್ನೆ.

ತಂಗಿಯ ತಲೆ ಬಾಚಿ ಜಡೆ ಹಾಕುತ್ತಿದ್ದಾಗ ಆಕೆ ಮೆಲ್ಲಗೆ ತೆಗೆದಿದ್ದಳು. "ಅಕ್ಕ, ಒಂದು ಕೇಳ್ತೀನಿ, ಬೈಬೇಡ."

"ಬೈಯೋ ವಯಸ್ಸಾ ನಿಂದು? ಕೇಳು."

"ಮಲಗಿದ್ದಲ್ಲೇ ಹಳೇ ಪೇಪರೆಲ್ಲ ಓದ್ತಾ ಇದ್ದೆ. ಸದನದಲ್ಲಿ ನೀನು ಆಡಿದ ಮಾತು ಅಕ್ಷರಕ್ಕಕ್ಷರ ಹಾಕಿದಾರೆ. ಗೋದಾಮು ಗಲ್ಲಿ ಸಾಣೆಯವನು ನಮ್ಮ ಹಿತ್ತಿಲಿಂದ ಓಡಿಹೋಗಿದ್ದನ್ನ ಕಣ್ಣಾರೆ ಕಂಡೆ ಅಂತ. ಅವತ್ತು ನೀನು ಊರಲ್ಲೇ ಇರ್ಲಿಲ್ಲವಲ್ಲೇ? ಆಸ್ಪತ್ರೆ ಸಮಿತಿಯವರ ಜೊತೆ ಹೋಗಿದ್ದೆ. ಹೇಗೆ ಕಂಡೆ?"

ಬಾಚಣಿಗೆ ಕೂದಲಲ್ಲೇ ನಿಂತಿತು. "ನೀನೇ ಹೇಳಿದ್ಯಲ್ಲ ಪುಟ್ಟಿ."

"ನಾನೇನು ಹೇಳ್ದೆ? ತಳ್ಳಿದ, ಬಿದ್ದೆ, ಮುಖ ನೋಡ್ಲಿಲ್ಲ ಅಂದೆ. ಮಧ್ಯಾಹ್ನ ಸಾಣೆಯವನು ಬಂದಿದ್ದ, ಹರಿತ ಮಾಡೋಕೆ ಎರಡು ಚಾಕು ಕೊಟ್ಟಿದ್ದೆ ಅಂತ್ಲೂ ಅಂದೆ. ಅವೆರಡೂ ಬೇರೆ ಬೇರೆ ಮಾತು ಕಣೆ. ನೀನು ಸೇರಿಸಿ ಹೊಲಿದುಬಿಟ್ಟೆ."

ನರ್ಸಮ್ಮ ಜಡೆ ಅರ್ಧಕ್ಕೇ ಬಿಟ್ಟು, ಹೊತ್ತಾಯಿತೆಂದು ಎದ್ದುಬಂದಿದ್ದರು.

ಸುಳ್ಳು ಹೇಳಬೇಕೆಂದು ಅಂದು ಅವರು ಎದ್ದು ನಿಂತಿರಲಿಲ್ಲ. ಸದನದಲ್ಲೊಂದು ನಿಯಮವಿತ್ತು. ಮುಂಚಿತವಾಗಿ ಬರೆದು ಕೊಡದೆ ಎದ್ದು ನಿಂತ ಸದಸ್ಯರು ತಾವು ಸ್ವತಃ ಕಂಡದ್ದನ್ನು ಮಾತ್ರ ಹೇಳಬಹುದು. ಕೇಳಿದ ಸುದ್ದಿಗೆ ಅವಕಾಶವಿಲ್ಲ. ಎರಡು ದಿನ ತಂಗಿಯ ನರಳಾಟ ಕೇಳಿ, ನಿದ್ದೆಗೆಟ್ಟು ಬಂದಿದ್ದ ನರ್ಸಮ್ಮ ಸಾಣೆಯವನ ಮಾತೆತ್ತಿದ ಕೂಡಲೇ ವಿರೋಧ ಪಕ್ಷದ ಸದಸ್ಯರಾದ ವಕೀಲರು ಎದ್ದು ನಿಯಮ ಓದಿದ್ದರು. ಸಭಾಧ್ಯಕ್ಷರು ಕೇಳಿದ್ದರು, "ಇದು ತಾವು ಕಂಡದ್ದೇ?" ಇಲ್ಲವೆಂದರೆ ಕೂರಬೇಕು. ಅಷ್ಟು ಜನರ ಮುಂದೆ, ಅಷ್ಟು ಸಿಟ್ಟು ಹೊತ್ತು, ಬಾಯಿ ಮುಚ್ಚಿ ಕೂರಬೇಕು. "ಹೌದು, ಕಣ್ಣಾರೆ ಕಂಡೆ" ಎಂಬ ಮಾತು ಬಾಯಿಂದ ಜಾರಿತ್ತು. ಹೇಳಿದ್ದು ನರ್ಸಮ್ಮ ಎಂಬ ಕಾರಣಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ವಕೀಲರೂ ಕೂತರು.

ಆ ಮಾತಾಡಿದ ಮೂರನೆಯ ದಿನ ಪೇಟೆಯ ಮೂಲೆಯಲ್ಲಿ ಜನ ಸಾಣೆಯವನನ್ನು ಹಿಡಿದು ಅವನ ಬಲಗೈ ಬೆರಳು ಮುರಿದರು. ಪೊಲೀಸರು ಅವನ ಮನೆ ಜಾಲಾಡಿ, ಏನೂ ಸಿಗದೆ ಬಿಟ್ಟರು. ಕಳ್ಳರೆಲ್ಲ ಆ ಗಲ್ಲಿಯವರೇ ಎಂಬ ಮಾತು ಹಬ್ಬಿ, ವಾರದೊಳಗೆ ಗೃಹಮಂತ್ರಿಗಳ ಮಸೂದೆ ಸಿದ್ಧವಾಯಿತು: ಗೋದಾಮು ಗಲ್ಲಿಯ ಪ್ರತಿಯೊಬ್ಬ ವಯಸ್ಕರೂ ಬೆಳಿಗ್ಗೆ ಸಂಜೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಜನ ಅದನ್ನು ನರ್ಸಮ್ಮನ ಕಾನೂನು ಎಂದೇ ಕರೆಯತೊಡಗಿದರು.

ಸದನದ ಗೇಟಿನಲ್ಲಿ ಕಾರು ನಿಧಾನವಾಯಿತು. ಕಾವಲಿನವನು ಒಬ್ಬ ಹೆಂಗಸನ್ನು ಅತ್ತ ಸರಿಸುತ್ತಿದ್ದ. ಆಕೆ ಅವನ ಕೈಕೆಳಗಿಂದ ನುಸುಳಿ ಬಂದು ಕಿಟಕಿಯ ಗಾಜಿಗೆ ಅಂಗೈ ಒತ್ತಿದಳು. ನರ್ಸಮ್ಮ ಮೊದಲು ಬಾಗಿಲಿನ ಗುಂಡಿ ಒತ್ತಿ ಭದ್ರ ಮಾಡಿಕೊಂಡರು; ಆಮೇಲೆ ತಮ್ಮ ಬೆರಳನ್ನೇ ನೋಡಿ ನಾಚಿ, ಗಾಜು ಇಳಿಸಿದರು.

"ಸಾಣೆಯವನ ಹೆಂಡ್ತಿ ನಾನು," ಎಂದಳು ಆಕೆ. ಅಳುತ್ತಿರಲಿಲ್ಲ. "ಕಾಲಿಗೆ ಬೀಳೋಕೆ ಬಂದಿಲ್ಲ. ಒಂದೇ ಮಾತು ಕೇಳಿ ಹೋಗ್ತೀನಿ. ನೀವು ಕಂಡಿದ್ದು ನನ್ನ ಗಂಡನ್ನೇನಾ?"

"ಏಯ್, ನಡಿಯಮ್ಮ ಆ ಕಡೆ!" ಕಾವಲಿನವನು ಓಡಿಬಂದ.

"ಇರಪ್ಪ, ಮಾತಾಡ್ಲಿ," ಎಂದರು ನರ್ಸಮ್ಮ.

"ಆ ಹೊತ್ತಲ್ಲಿ ಮನೇಲೇ ಇದ್ದೆ ಅಂತಾನೆ. ನಾನು ಕೆಲಸಕ್ಕೆ ಹೋಗಿದ್ದೆ, ನೋಡಿಲ್ಲ. ನರ್ಸಮ್ಮ ಸುಳ್ಳಾಡೋರಲ್ಲ ಅಂತ ಊರೆಲ್ಲ ಅನ್ನುತ್ತೆ. ಹಂಗಾದ್ರೆ ಸುಳ್ಳಾಡ್ತಿರೋದು ನನ್ನ ಗಂಡನೇ ಆಗ್ಬೇಕಲ್ಲ? ಅವನೇ ಅಂತ ನಿಮ್ಮ ಬಾಯಿಂದ ಹೇಳಿಬಿಡಿ, ನಾನೇ ಕೈ ಹಿಡಿದು ಠಾಣೆಗೆ ಕೊಟ್ಟು ಬರ್ತೀನಿ. ಹದಿನೆಂಟು ದಿನದಿಂದ ಅವನ ಪಕ್ಕ ಕೂತು ಉಣ್ಣೋಕಾಗ್ತಿಲ್ಲ ನಂಗೆ."

ಹಿಂದಿನ ಕಾರು ಹಾರ್ನ್ ಹೊಡೆಯಿತು.

"ಮಧ್ಯಾಹ್ನ ಒಳಗೆ ಬಾ," ಎಂದರು ನರ್ಸಮ್ಮ. "ಗ್ಯಾಲರಿಯಲ್ಲಿ ಕೂತ್ಕೋ. ಪಾಸ್ ಬರೆಸಿಕೊಡ್ತೀನಿ."

ಮೊಗಸಾಲೆಯಲ್ಲಿ ಹೂಗುಚ್ಛಗಳ ಸಾಲೇ ಇತ್ತು. ಗೃಹಮಂತ್ರಿಗಳು ಕೈಮುಗಿದು ಎದುರು ಬಂದರು. ಮೇಜು ಗುದ್ದಿ ಮಾತಾಡುವ ಅವರಿಗೆ ಎಲ್ಲರೂ ಇಟ್ಟ ಹೆಸರು ಗುಡುಗು.

"ಬನ್ನಿ ನರ್ಸಮ್ಮ, ಮದುಮಗಳು ತಡವಾಗಿ ಬಂದ್ರೆ ಹೇಗೆ? ಬಿನ್ನವತ್ತಳೆಗೆ ಚೌಕಟ್ಟು ಹಾಕಿಸಿದೀವಿ. ಎತ್ತೋಕೆ ಇಬ್ಬರು ಬೇಕು."

"ಮಂತ್ರಿಗಳೇ, ಒಂದು ಮಾತು." ನರ್ಸಮ್ಮ ಅವರನ್ನು ಕಿಟಕಿಯ ಬಳಿಗೆ ಕರೆದೊಯ್ದರು. "ನಾನು ಅವತ್ತು ಹೇಳಿದ್ದು ತಪ್ಪಾಗಿದ್ರೆ?"

ಗುಡುಗಿನ ನಗು ತುಟಿಯಲ್ಲೇ ಉಳಿದು ಕಣ್ಣಿಂದ ಇಳಿಯಿತು. "ಎಷ್ಟು ತಪ್ಪು?"

"ಪೂರ್ತಿ. ನಾನು ಯಾರನ್ನೂ ಕಂಡಿಲ್ಲ."

ಅವರು ಅತ್ತಿತ್ತ ನೋಡಿದರು. ದನಿ ತಗ್ಗಿತು. "ನೋಡಿ, ನಾನು ಕೆಟ್ಟವನಲ್ಲ. ನನ್ನ ಕ್ಷೇತ್ರದಲ್ಲಿ ಸಂಜೆ ಆರರ ಮೇಲೆ ಹೆಂಗಸರು ಅಂಗಡಿಗೂ ಹೋಗ್ತಿಲ್ಲ. ನಮ್ಮತ್ತೆ ದಿಂಬಿನ ಕೆಳಗೆ ಒನಕೆಯಂಥ ಕೋಲು ಇಟ್ಕೊಂಡು ಮಲಗ್ತಾರೆ. ಜನಕ್ಕೆ ನಾನು ಏನಾದ್ರೂ ಕೊಡ್ಬೇಕು. ನಿಮ್ಮ ತಂಗಿಗೆ ಆದದ್ದು ಸುಳ್ಳಾ?"

"ಅದು ಸುಳ್ಳಲ್ಲ."

"ಮತ್ತೆ? ಭಯ ನಿಜ ತಾನೇ?"

"ಭಯ ನಿಜ. ಆದ್ರೆ ಈಗ ಹೇಳಿ, ನಿಜವಾದ ಕಳ್ಳನ್ನ ಪೊಲೀಸರು ಹುಡುಕ್ತಾ ಇದಾರಾ? ನಾನು ಸಾಣೆಯವನ ಕಡೆ ಬೆರಳು ತೋರಿಸಿದ ದಿನದಿಂದ ಬೇರೆ ಕಡೆ ಒಬ್ಬರೂ ತಿರುಗಿ ನೋಡಿಲ್ಲ. ಗಲ್ಲಿ ಕಾಯ್ತಾ ಕೂತಿದಾರೆ."

ಮಂತ್ರಿಗಳು ಹೊರಗೆ ನೋಡಿ ಹೇಳಿದರು, "ಇವತ್ತು ನಿಮ್ಮ ದಿನ. ಹಾಳು ಮಾಡ್ಕೋಬೇಡಿ. ಸುಮ್ಮನೆ ವಂದನೆ ಹೇಳಿ ಕೂತುಬಿಡಿ. ಮತ ಹಾಕೋಕೆ ಇಷ್ಟವಿಲ್ಲ ಅಂದ್ರೆ ತಲೆನೋವು ಅಂತ ಮನೆಗೆ ಹೋಗಿ. ಯಾರೂ ಕೇಳಲ್ಲ."

ಯಾರೂ ಕೇಳುವುದಿಲ್ಲ ಎಂಬುದು ನರ್ಸಮ್ಮನಿಗೂ ಗೊತ್ತಿತ್ತು. ಅದೇ ಅವರನ್ನು ಹೆಚ್ಚು ಹೆದರಿಸಿದ್ದು.

ಮಧ್ಯಾಹ್ನ ಸದನ ಕಿಕ್ಕಿರಿದಿತ್ತು. ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ವಕೀಲರು, "ಮೂವತ್ತು ವರ್ಷದಲ್ಲಿ ನನ್ನನ್ನು ಮೂವತ್ತು ಸಲ ಬೈದಿದ್ದಾರೆ, ಇಪ್ಪತ್ತೊಂಬತ್ತು ಸಲ ಅವರು ಹೇಳಿದ್ದೇ ಸರಿ" ಎಂದಾಗ ನಗುವೆದ್ದಿತು. ಗ್ಯಾಲರಿಯ ಮುಂದಿನ ಸಾಲಿನಲ್ಲಿ ಆ ಹೆಂಗಸು ಕಟಕಟೆ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು.

ಕೊನೆಗೆ ಸಭಾಧ್ಯಕ್ಷರು ಮಾತಾಡಿದರು. ತಾವು ಮೊದಲ ಸಲ ಗೆದ್ದು ಬಂದು ಎದ್ದು ನಿಲ್ಲಲು ಕಾಲು ನಡುಗುತ್ತಿದ್ದಾಗ ಪಕ್ಕದ ಕುರ್ಚಿಯಿಂದ ನೀರಿನ ಲೋಟ ಸರಿಸಿದವರು ನರ್ಸಮ್ಮ ಎಂದು ನೆನೆದರು. "ಈ ಸದನದಲ್ಲಿ ಆಡಬಾರದ್ದನ್ನು ಆಡಿದಾಗ ಅದನ್ನು ಕಡತದಿಂದ ತೆಗೆಸುತ್ತೇವೆ. ತೆಗೆಸಿದ ಮಾತು ಆಡಿಯೇ ಇಲ್ಲವೆಂದು ಅರ್ಥ. ಪತ್ರಿಕೆಗಳು ಅಚ್ಚು ಹಾಕುವಂತಿಲ್ಲ. ನನ್ನವೂ ಹನ್ನೆರಡು ಮಾತು ಹಾಗೆ ಹೋಗಿವೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಪದವನ್ನೂ ಕಡತದಿಂದ ತೆಗೆಸಬೇಕಾಗದ ಸದಸ್ಯರೆಂದರೆ ಇವರೊಬ್ಬರೇ."

ಮೇಜು ಕುಟ್ಟುವ ಸದ್ದು ಮಳೆಯಂತೆ ಸುರಿಯಿತು. ನರ್ಸಮ್ಮ ಎದ್ದರು.

ಅವರ ತಾಯಿ ಬೆಳಗಿನ ಹೊತ್ತು ಪದ್ಯ ಪಠಿಸುತ್ತಿದ್ದವರು. ಎಲ್ಲಾದರೂ ಪದ ತಪ್ಪಿದರೆ ರಾಗದಲ್ಲಿ ತೇಲಿಸಿ ಮುಂದಕ್ಕೆ ಹೋಗುತ್ತಿರಲಿಲ್ಲ. ನಿಲ್ಲಿಸಿ, ತಪ್ಪಿತು ಎಂದು ಗಟ್ಟಿಯಾಗಿ ಹೇಳಿ, ಸಾಲಿನ ತಲೆಯಿಂದ ಮತ್ತೆ ಶುರುಮಾಡುತ್ತಿದ್ದರು. ಕೇಳಲು ಎದುರಿಗೆ ಇದ್ದದ್ದು ಒಂದು ದೀಪ, ಅರೆನಿದ್ದೆಯ ಇಬ್ಬರು ಹೆಣ್ಣುಮಕ್ಕಳು, ಅಷ್ಟೇ.

"ಅಧ್ಯಕ್ಷರೇ," ಎಂದರು ನರ್ಸಮ್ಮ. "ವಂದನೆ ಆಮೇಲೆ ಹೇಳ್ತೀನಿ. ಹದಿನೆಂಟು ದಿನದ ಹಿಂದೆ ಇಲ್ಲೇ ನಿಂತು, ಗೋದಾಮು ಗಲ್ಲಿಯ ಸಾಣೆಯವನನ್ನು ನಮ್ಮ ಹಿತ್ತಿಲಲ್ಲಿ ಕಣ್ಣಾರೆ ಕಂಡೆ ಅಂದೆ. ನಾನು ಕಂಡಿಲ್ಲ. ಆ ಹೊತ್ತಿನಲ್ಲಿ ನಾನು ಊರಲ್ಲೇ ಇರಲಿಲ್ಲ. ನನ್ನ ತಂಗಿಯೂ ಯಾರ ಮುಖವನ್ನೂ ನೋಡಿಲ್ಲ. ಕಂಡೆ ಅಂದರೆ ಮಾತಾಡಲು ಬಿಡ್ತೀರಿ ಅಂತ ಕಂಡೆ ಅಂದುಬಿಟ್ಟೆ. ನನ್ನ ಆ ಒಂದು ಮಾತಿಗೆ ಒಬ್ಬನ ಬೆರಳು ಮುರಿದವು. ಅದೇ ಮಾತಿನ ಮೇಲೆ ನೀವೀಗ ಕಾನೂನು ಕಟ್ಟಲು ಹೊರಟಿದ್ದೀರಿ."

ಮರುಕ್ಷಣ ಎಲ್ಲ ಕಡೆಯಿಂದ ಕೂಗು. "ಸದನಕ್ಕೆ ಸುಳ್ಳು ಹೇಳಿದ್ರಾ?" "ಕೂತ್ಕೊಳ್ಳಿ!" "ಇಷ್ಟು ದಿನ ಏನು ಮಾಡ್ತಿದ್ರಿ?" "ಜನಕ್ಕೆ ಏನಂತ ಹೇಳೋಣ ನಾವು?" ಗುಡುಗು ಮಾತ್ರ ಮೇಜು ಗುದ್ದಲಿಲ್ಲ. ತಲೆ ತಗ್ಗಿಸಿ, ಕೈಯಲ್ಲಿದ್ದ ಮಸೂದೆಯ ಹಾಳೆಗಳನ್ನು ಮಡಿಸಿ ಮಡಿಸಿ ಬಿಚ್ಚುತ್ತಿದ್ದರು. ವರದಿಗಾರರ ಕೈಗಳು ಬಿರುಸಾಗಿ ಓಡುತ್ತಿದ್ದವು.

ಸಭಾಧ್ಯಕ್ಷರು ಗಂಟೆ ಬಾರಿಸಿ ಬಾರಿಸಿ ಸದನವನ್ನು ಸುಮ್ಮನಾಗಿಸಿದರು.

"ಮಾನ್ಯ ಸದಸ್ಯರು ದಣಿದಿದ್ದಾರೆ," ಎಂದರು. "ಅವರ ಸೇವೆ ದೊಡ್ಡದು. ಮಾತಾಡಿದ ಸದಸ್ಯರೇ ಒಪ್ಪಿದರೆ ಹಿಂದಿನ ದಿನದ ಮಾತನ್ನೂ ತೆಗೆಯಲು ಪೀಠಕ್ಕೆ ಅವಕಾಶವಿದೆ. ಅಂದಿನ ಆ ಮಾತು, ಇಂದಿನ ಈ ಮಾತು, ಎರಡನ್ನೂ ಕಡತದಿಂದ ತೆಗೆದುಬಿಡೋಣ. ಮಸೂದೆಯನ್ನು ಇವತ್ತು ಮತಕ್ಕೆ ಹಾಕುವುದು ಬೇಡ, ಸಮಿತಿಗೆ ಕಳಿಸುತ್ತೇನೆ. ಅಲ್ಲಿಗೆ ಎಲ್ಲವೂ ಸರಿಹೋಯಿತು. ಇವರ ಹೆಸರಿಗೆ ಮಸಿ ಬೇಡ."

"ಒಪ್ಪಿಕೊಳ್ಳಿ, ನರ್ಸಮ್ಮ," ಎಂದರು ಪಕ್ಕದವರು. "ಒಪ್ಪಿಕೊಳ್ಳಿ," ಎಂದರು ವಕೀಲರೂ, ಎದುರು ಸಾಲಿನಿಂದ.

ನರ್ಸಮ್ಮ ಗ್ಯಾಲರಿಯ ಕಡೆ ನೋಡಿದರು. ಆ ಹೆಂಗಸು ಎದ್ದು ನಿಂತಿದ್ದಳು. ಇಲ್ಲಿ ಕೂತ ಇಷ್ಟು ಜನರಿಗೆ ನಿಜ ಗೊತ್ತಾಯಿತು. ಕಡತದಿಂದ ಎರಡನ್ನೂ ತೆಗೆದರೆ ನಾಳೆಯ ಪತ್ರಿಕೆಯಲ್ಲಿ ಬಿನ್ನವತ್ತಳೆಯ ಚಿತ್ರವಷ್ಟೇ ಬರುತ್ತದೆ. ಹದಿನೆಂಟು ದಿನದ ಹಿಂದೆ ಓದಿದವರ ತಲೆಯಿಂದ ಹಳೆಯ ಮಾತನ್ನು ತೆಗೆಯುವ ಅಧಿಕಾರ ಯಾವ ಪೀಠಕ್ಕೂ ಇಲ್ಲ. ಪೇಟೆಯ ಮೂಲೆಯಲ್ಲಿ ಸಾಣೆಯವನು ಸಾಯುವ ತನಕ ಕಳ್ಳನಾಗಿಯೇ ಉಳಿಯುತ್ತಾನೆ.

ಸಭಾಧ್ಯಕ್ಷರು ಮೈಕಿನಿಂದ ಮುಖ ಸರಿಸಿದರು. ದನಿ ಬೇಡುವಂತಿತ್ತು. "ಅಕ್ಕಾ, ಒಪ್ಪಿದೆ ಅಂತ ಒಂದು ಮಾತು ಹೇಳಿ. ನನಗೋಸ್ಕರ."

"ಇಲ್ಲ," ಎಂದರು ನರ್ಸಮ್ಮ. "ನಾನು ಒಪ್ಪಲ್ಲ. ಎರಡೂ ಇರಲಿ. ಒಂದಕ್ಷರವನ್ನೂ ತೆಗೆಯಬೇಡಿ."